ತೂಬುಗಳಿಗೆ ಹೆಸರಿಟ್ಟವರು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿ ದಾಟಿ ಸ್ವಲ್ಪ ದೂರ ಹೋಯಿತೆಂದರೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಒಣಮಣ್ಣು, ಆಡಿನ ಹಿಕ್ಕೆ, ಬಿಸಿಲಿಗೆ ಕಾದ ಕಲ್ಲು. ಆಮೇಲೆ ಒಮ್ಮೆಲೇ ತುಳಿದು ಹದ ಮಾಡಿದ ಕೆಸರಿನ ಹುಳಿ ವಾಸನೆ, ಅದರೊಳಗೆ ಗೊಬ್ಬರದ್ದು, ಔಷಧಿಯದ್ದು. ಹೋದ ಆಗಸ್ಟಿನಲ್ಲಿ ಶಿಕ್ಷಕರ ತರಬೇತಿಗೆಂದು ಆ ದಾರಿಯಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯತ್ತ ಮುಖ ಮಾಡಿ, "ಕಾಲುವಿ ಸೀಮಿ ಬಂತು ನೋಡ್ರಿ, ಮೂಗಿಗೇ ಗೊತ್ತಾಕೈತಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆ ಬಡಿದಾಗಲೆಲ್ಲ ನನಗೆ ಒಂದು ಮುಂಗಾರು ನೆನಪಾಗುತ್ತದೆ. ಜೊತೆಗೇ ಸಿಟ್ಟೂ ಬರುತ್ತದೆ. ಅರ್ಧ ಬೇರೆಯವರ ಮೇಲೆ, ಅರ್ಧ ನನ್ನ ಮೇಲೆ.

ಆರು ವರ್ಷದ ಹಿಂದಿನ ಮಾತು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಲಿಂಗಸುಗೂರಿನ ಮನೆಯಲ್ಲಿ ಕುಳಿತಿದ್ದೆ. ಹಗಲೆಲ್ಲ ಅಪ್ಪನ ಕಿರಾಣಿ ಅಂಗಡಿ, ಸಂಜೆಯಾದರೆ ಗಂಡು ನೋಡುವ ಮಾತು. ಅಷ್ಟರಲ್ಲಿ ಮೈಸೂರಿನ ಕಡೆಯ ಒಬ್ಬ ಪ್ರೊಫೆಸರ್ ತಮ್ಮ ಅಧ್ಯಯನಕ್ಕೆ ಈ ಸೀಮೆಯ ಮಾತು ಬಲ್ಲವರನ್ನು ಹುಡುಕುತ್ತಿದ್ದಾರೆ ಎಂದು ಗೊತ್ತಾಯಿತು. ಒಂದು ಮುಂಗಾರಿನ ಕೆಲಸ, ಮಸ್ಕಿಯಲ್ಲಿ ಬಾಡಿಗೆ ಕೋಣೆ. ಅಪ್ಪ ಗೊಣಗಿದ, ಅವ್ವ ರೊಟ್ಟಿ ಕಟ್ಟಿ ಕೊಟ್ಟಳು.

ಪ್ರೊಫೆಸರರ ಪ್ರಶ್ನೆ ಕೇಳಿ ನನಗೆ ಮೈ ಜುಮ್ಮೆಂದಿತ್ತು. ಮನುಷ್ಯರಲ್ಲಿ ಮೇಲು-ಕೀಳು ಎಲ್ಲಿಂದ ಶುರುವಾಯಿತು? ಮೊದಲ ವಾರವೇ ಅವರು ನನ್ನನ್ನು ಮಸ್ಕಿಯ ಗುಡ್ಡದ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಬಹು ಹಿಂದಿನ ಮನೆಗಳ ಕಲ್ಲಿನ ಸುತ್ತುಗಳಿದ್ದವು. ಟೇಪು ಹಿಡಿದು ಅಳೆದೆವು. ಬಹಳಷ್ಟು ಸುತ್ತುಗಳು ನಮ್ಮ ಅಂಗಡಿಯ ಉಗ್ರಾಣದಷ್ಟೇ ಸಣ್ಣವು. ಹಳ್ಳಕ್ಕೆ ಹತ್ತಿರ ಮಾತ್ರ ಒಂದು ಸುತ್ತು ಉಳಿದವುಗಳ ಮೂರು ಪಟ್ಟು ದೊಡ್ಡದಿತ್ತು.

"ನೋಡಿ ಗಿರಿಜಾ," ಅಂದರು ಪ್ರೊಫೆಸರ್, ಆ ದೊಡ್ಡ ಸುತ್ತಿನ ನಡುವೆ ನಿಂತು. "ತಿನ್ನುವುದು ಎಲ್ಲ ಕಡೆ ಚೆಲ್ಲಿಕೊಂಡಿದ್ದಾಗ ಯಾರು ಯಾವುದಕ್ಕೆ ಬೇಲಿ ಹಾಕಲಿಕ್ಕಾಗುತ್ತದೆ? ಒಳ್ಳೆಯ ಮಣ್ಣು, ಒಳ್ಳೆಯ ನೀರು ಒಂದೇ ಕಡೆ ಕೂಡಿಕೊಂಡಾಗ, ಅದನ್ನು ಕಾಯಬಹುದು, ಕೂಡಿಡಬಹುದು ಎಂದಾದಾಗ, ಒಬ್ಬ ದೊಡ್ಡವನಾಗುತ್ತಾನೆ. ಮನುಷ್ಯನಿಗಿಂತ ಮೊದಲು ನೆಲವೇ ಹಂಚಿಕೆ ಮಾಡಿರುತ್ತದೆ."

ನನಗೆ ಅದು ಸತ್ಯ ಎಂದೇ ಅನ್ನಿಸಿತು. ಈಗಲೂ ಅರ್ಧ ಸತ್ಯ ಎನ್ನುತ್ತೇನೆ.

ನನ್ನ ಕೆಲಸ ಇವತ್ತಿನ ಎರಡು ಊರುಗಳನ್ನು ಹೋಲಿಸುವುದು: ಮಳೆಯನ್ನೇ ನಂಬಿದ ಗುರುಗುಂಟಾ, ಕಾಲುವೆಯನ್ನು ನಂಬಿದ ಸಿಂಧನೂರು ಕಡೆಯ ಒಂದು ಊರು. ಗುರುಗುಂಟಾದಲ್ಲಿ ಎರಡು ವಾರ ಮನೆಮನೆ ತಿರುಗಿದೆ. ಅಮರಪ್ಪ ಎಂಬ ಕುರಿ ಕಾಯುವ ಮುದುಕರು ಕಟ್ಟೆಯ ಮೇಲೆ ಕುಳಿತು, "ಮಳಿ ಯಾರಪ್ಪಂದವ್ವಾ? ಬಂದ್ರ ಎಲ್ಲಾರಿಗೂ ಬರತೈತಿ, ಹೋದ್ರ ಎಲ್ಲಾರಿಗೂ ಹೋಗತೈತಿ," ಎಂದರು. ನಾನು ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ಅವರ ಹೆಂಡತಿ ಕೂಗಿದರು: "ಎಲ್ಲಾರಿಗೂ ಅಂತ! ಮಳಿ ನೀರು ಹರಕೊಂಡು ಹೋಗಿ ನಿಂದರೋ ಹಳ್ಳದ ದಂಡಿ ಹೊಲ ಯಾರ್ದೈತಿ ಅದನ್ನೂ ಹೇಳು." ನಾನು ಎರಡನ್ನೂ ಬರೆದುಕೊಂಡೆ. ನನ್ನ ನಮೂನೆಯಲ್ಲಿ ಎರಡನೆಯ ಮಾತಿಗೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ.

ಜುಲೈ ಕೊನೆಯಲ್ಲಿ ಕಾಲುವೆಗೆ ನೀರು ಬಿಟ್ಟರು. ನಾನು ಎರಡನೆಯ ಊರಿಗೆ ಹೋದೆ. ಹೆಸರು ಬೇಡ, ಅಲ್ಲಿಯ ಜನ ಇನ್ನೂ ಅದೇ ನೀರನ್ನು ಕಾಯುತ್ತಿದ್ದಾರೆ. ಊರ ಮೇಲಿನಿಂದ ಒಂದು ಉಪಕಾಲುವೆ ಹೊರಟು ಐದಾರು ಮೈಲು ಇಳಿದು ಹೋಗುತ್ತದೆ. ಎರಡೂ ಬದಿಗೆ ಹೊಲಗಳಿಗೆ ನೀರು ಬಿಡುವ ತೂಬುಗಳು. ನನಗೆ ದಾರಿ ತೋರಿಸಿದವರು ಹುಸೇನಪ್ಪ. ಕಾಲುವೆಯ ಗ್ಯಾಂಗ್‌ಮನ್. ಹತ್ತೊಂಬತ್ತು ವರ್ಷದಿಂದ ಅದರ ದಂಡೆಯ ಏರಿಯ ಮೇಲೆ ನಡೆದವರು, ಹತ್ತೊಂಬತ್ತೂ ವರ್ಷ ತಾತ್ಕಾಲಿಕ. ಹೆಗಲ ಮೇಲೆ ಸಲಿಕೆ, ಕಾಲಲ್ಲಿ ಟೈರಿನ ಚಪ್ಪಲಿ. ನೀರಿನ ಮಟ್ಟ ಬರೆದಿಟ್ಟ ಗೇಜಿನ ಕಲ್ಲು ನೋಡುವ ಮೊದಲೇ ನೀರಿನ ಸಪ್ಪಳ ಕೇಳಿ ಎಷ್ಟಿದೆ ಎಂದು ಹೇಳುತ್ತಿದ್ದರು.

ಕಚೇರಿಯ ಕಾಗದದಲ್ಲಿ ಆ ತೂಬುಗಳಿಗೆ ಬರೀ ನಂಬರು. ಹುಸೇನಪ್ಪ ಅವಕ್ಕೆ ಹೆಸರಿಟ್ಟಿದ್ದರು. ಬೇವಿನ ತೂಬು. ಅಣ್ಣತಮ್ಮ ಬಡಿದಾಡಿದ ಸಿಟ್ಟಿನ ತೂಬು. ಎಷ್ಟು ಬಿಗಿಯಾಗಿ ಮುಚ್ಚಿದರೂ ಒಸರುತ್ತಿದ್ದ ಅಳುತೂಬು. ಕಟ್ಟಕಡೆಯದಕ್ಕೆ ಮಾತ್ರ ಅವರು ಹೆಸರಿಟ್ಟಿರಲಿಲ್ಲ. "ಅದಕ್ಕ ಹೆಸರಿಟ್ಟು ಏನು ಮಾಡೋದ್ರಿ ಮೇಡಮ್ಮಾರ, ನೀರ ಇಲ್ಲ," ಅಂದರು.

ಆ ಕೊನೆಯ ತೂಬಿನ ಕೆಳಗೆ ಬಸಮ್ಮನ ಹೊಲ. ಬಸಮ್ಮನಿಗೆ ನಲವತ್ತೈದರ ಸುಮಾರು, ಗಂಡ ತೀರಿಕೊಂಡು ಬಹಳ ವರ್ಷ. ನಾನು ಮೊದಲ ಸಲ ಹೋದಾಗ ಆಕೆ ಹೊಲದ ಮೂಲೆಯಲ್ಲಿ ಭತ್ತದ ಸಸಿಮಡಿಗೆ ಕೊಡದಿಂದ ನೀರು ಹಾಕುತ್ತಿದ್ದಳು. ಹಳ್ಳದಿಂದ ಹೊತ್ತು ತಂದ ನೀರು. ಹಸಿರು ಚಾಪೆ ಹಾಸಿದಂತೆ ಸಸಿ ಎದ್ದಿತ್ತು, ಸುತ್ತ ಮೂರು ಎಕರೆ ಕಪ್ಪು ನೆಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

"ಈ ಸಸಿಗೆ ಇಪ್ಪತ್ತೈದು ದಿನ ಆತು. ಇನ್ನ ಹತ್ತು ದಿನದಾಗ ಹಚ್ಚಬೇಕು. ಆಮ್ಯಾಲ ಮುದುಕಿ ಆಗಿಬಿಡತೈತಿ, ಹಚ್ಚಿದ್ರೂ ತೆನಿ ಕಟ್ಟಂಗಿಲ್ಲ," ಅಂದಳು.

ನಾನು ಓದಿದ ಬುದ್ಧಿಯಿಂದ ಕೇಳಿದೆ: "ಯಕ್ಕಾ, ಇಲ್ಲಿಗೆ ನೀರು ಬರೂದು ಕಷ್ಟ ಅಂತ ಗೊತ್ತಿದ್ದ ಮ್ಯಾಲ ಜ್ವಾಳನೋ ಹತ್ತಿನೋ ಹಾಕಬಹುದಲ್ಲ? ಈ ಕಾಲುವಿ ಕಡಿಮಿ ನೀರಿನ ಬೆಳಿಗೇ ಅಂತ ಕಾಗದದಾಗ ಐತಲ್ಲ?"

ಬಸಮ್ಮ ಕೊಡ ಕೆಳಗಿಟ್ಟಳು. "ಆ ಕಾಗದ ನನಗೊಬ್ಬಾಕಿಗೇ ಬರದಾರೇನು? ಮ್ಯಾಲಿನವರೆಲ್ಲ ನೆಲ್ಲು ಹಚ್ಚಬೇಕು, ಅನ್ನ ಉಣ್ಣಬೇಕು. ನಾ ಮಾತ್ರ ಕಾಗದ ಓದಿ ಜ್ವಾಳ ಬಿತ್ತಬೇಕು? ನೀ ಮೊದಲು ಮ್ಯಾಲ ಹೋಗಿ ಕೇಳಿ ಬಾ."

ಹೋದೆ. ಕಾಲುವೆಯ ಮೊದಲ ತೂಬಿನ ಕೆಳಗೆ ದೊಡ್ಡನಗೌಡರ ಹೊಲ. ಅವರು ಬಸಮ್ಮನ ಗಂಡನ ಚಿಕ್ಕಪ್ಪನ ಮಗ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಒಂದೇ ಮನೆ, ಎರಡು ಕವಲು. "ಯಾರ ಪೈಕಿ ತಂಗಿ ನೀನು?" ಎಂದು ಕೇಳಿದರು. ಲಿಂಗಸುಗೂರಿನ ನಮ್ಮ ಅಂಗಡಿಯ ಗುರುತು ಹೇಳಿದೆ. "ಹಂಗಾದ್ರ ನಮ್ಮವರ!" ಎಂದು ಕುರ್ಚಿ ಹಾಕಿಸಿದರು. ಸ್ಟೀಲಿನ ಲೋಟದಲ್ಲಿ ನನಗೆ ಚಹಾ ಬಂತು. ಜೊತೆಗೆ ಬಂದಿದ್ದ ಹುಸೇನಪ್ಪ ಕಟ್ಟೆಯ ಕೆಳಗೇ ನಿಂತಿದ್ದರು. ಅವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಬಂತು. ಅವರು ಕುಡಿದು ಲೋಟವನ್ನು ಮುದುಡಿ ತಾವೇ ದೂರ ಹೋಗಿ ಎಸೆದು ಬಂದರು. ನಾನು ನೋಡಿದೆ. ನನ್ನ ಚಹಾ ಪೂರ್ತಿ ಕುಡಿದೆ.

ಗೌಡರು ಕೆಟ್ಟವರಂತೆ ಕಾಣಲಿಲ್ಲ. ಸಮಾಧಾನವಾಗಿ ಹೇಳಿದರು: "ನಮ್ಮ ಮುತ್ತ್ಯಾ ಇಬ್ಬರು ಮಕ್ಕಳಿಗೆ ಸಮ ಪಾಲು ಮಾಡಿದ. ದೊಡ್ಡಪ್ಪಗ ಮೊದಲು ಆರಿಸ್ಕೋ ಅಂದ. ಆಗ ಕಾಲುವಿ ಇರಲಿಲ್ಲ. ಕೆಳಗಿಂದು ಕರೀ ಎರಿ ಹೊಲ, ತೇವ ಹಿಡೀತಿತ್ತು, ಬಂಗಾರದಂಥ ಜ್ವಾಳ. ಮ್ಯಾಲಿಂದು ಬರೇ ಕಲ್ಲು, ಕೆಂಪು ಮಸಾರಿ. ದೊಡ್ಡಪ್ಪ ಕೆಳಗಿಂದು ತಗೊಂಡ. ನಮ್ಮಪ್ಪ ಕಲ್ಲು ಆರಿಸಿ ಆರಿಸಿ ಕೈ ಒಡಕೊಂಡ. ಆಮ್ಯಾಲ ಕಾಲುವಿ ಬಂತು, ಮ್ಯಾಲಿನಿಂದ ಬಂತು. ನಾವು ಯಾರದೂ ಕಸಗೊಂಡಿಲ್ಲವ್ವಾ. ನೀರಿಗೆ ಇಳುಕಲು ಗೊತ್ತೈತಿ, ನ್ಯಾಯ ಗೊತ್ತಿಲ್ಲ."

ಅವತ್ತು ಮಸ್ಕಿಯ ಕೋಣೆಗೆ ಬಂದು ಆ ಮಾತನ್ನು ಅಕ್ಷರ ಬಿಡದೆ ಬರೆದೆ. ಫೋನಿನಲ್ಲಿ ಓದಿ ಹೇಳಿದಾಗ ಪ್ರೊಫೆಸರ್ ಸಂಭ್ರಮಪಟ್ಟರು. ಒಂದೇ ಮನೆಯ ಇಬ್ಬರು ಮಕ್ಕಳು, ಸಮ ಪಾಲು, ಒಂದು ಇಳಿಜಾರು, ಎರಡು ಬದುಕು. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಎಲ್ಲಿ ಸಿಗುತ್ತದೆ? ನಾನೂ ಸಂಭ್ರಮಪಟ್ಟೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಏರಿಯ ಮೇಲೆ ನಡೆಯುತ್ತ ಇದನ್ನೇ ಹುಸೇನಪ್ಪನವರಿಗೆ ಹೇಳಿದೆ. ಅವರು ಸಲಿಕೆಯನ್ನು ಏರಿಗೆ ಊರಿ ಕೇಳಿದರು:

"ಇಳುಕಲು ಅಂದ್ರ ನೀರು ಕೆಳಗ ಹೋಗಬೇಕಲ್ರಿ? ಮತ್ತ ಇಲ್ಲಿ ಮ್ಯಾಲ ಯಾಕ ನಿಂತೈತಿ?"

ನನಗೆ ಅರ್ಥವಾಗಲಿಲ್ಲ.

"ನನ್ನ ಹೆಸರು ಎಲ್ಲೂ ಬರಬಾರದು. ಆಣಿ ಮಾಡ್ರಿ."

ಮಾಡಿದೆ. ಅವರು ಮೊಣಕಾಲೂರಿ ಕುಳಿತು ಏರಿಯ ಬದಿಯ ಹುಲ್ಲು ಸರಿಸಿದರು. ಮಣ್ಣಿನೊಳಗೆ ನನ್ನ ತಲೆ ಹೋಗುವಷ್ಟು ದಪ್ಪದ ಒಂದು ಕಪ್ಪು ಪೈಪು, ಅದರೊಳಗೆ ನೀರು ಸದ್ದಿಲ್ಲದೆ ಓಡುತ್ತಿತ್ತು. ಇನ್ನೂರು ಹೆಜ್ಜೆ ದಾಟಿ ಇನ್ನೊಂದು. ಸಿಟ್ಟಿನ ತೂಬಿನ ಹತ್ತಿರ ಮತ್ತೆರಡು. ಗೌಡರ ಹೊಲದ ಪೈಪಂತೂ ಹೊಲ ದಾಟಿ ಕಾಲುವೆಯ ಲೆಕ್ಕದಲ್ಲೇ ಇಲ್ಲದ ಇನ್ನೊಂದು ಎತ್ತರದ ಹೊಲಕ್ಕೆ ಹೋಗುತ್ತಿತ್ತು, ಮೋಟಾರು ಹಚ್ಚಿ ಏರಿಸಿದ್ದರು. ನೀರಿಗೆ ಇಳುಕಲು ಗೊತ್ತು ಎಂದವರೇ ನೀರನ್ನು ಗುಡ್ಡ ಹತ್ತಿಸಿದ್ದರು.

ಮೂರು ದಿನ ಸುತ್ತಿ ನಕ್ಷೆ ಮಾಡಿದೆ. ದೊಡ್ಡ ಹಾಳೆಯ ಮೇಲೆ ಕಾಲುವೆ ಎಳೆದು, ಸರಿಯಾದ ತೂಬಿಗೆ ನೀಲಿ ಚುಕ್ಕಿ, ಕಳ್ಳ ಪೈಪಿಗೆ ಕೆಂಪು ಚುಕ್ಕಿ. ಕೊನೆಯ ಮೈಲಿನಲ್ಲಿ ಒಂದೂ ಕೆಂಪು ಇರಲಿಲ್ಲ. ಕದಿಯಲು ಅಲ್ಲಿ ನೀರೇ ಇರಲಿಲ್ಲ.

ಪ್ರೊಫೆಸರರಿಗೆ ಫೋಟೋ ಕಳಿಸಿದೆ. ಫೋನು ಬಂತು. "ನಕ್ಷೆ ಬಹಳ ಚೆನ್ನಾಗಿದೆ. ಆದರೆ ಆ ಕೆಂಪು ಚುಕ್ಕಿಗಳನ್ನು ಬಿಟ್ಟುಬಿಡಿ."

"ಯಾಕೆ ಸರ್?"

"ಅದು ಆಡಳಿತದ ವಿಷಯ. ನಮ್ಮ ಪ್ರಶ್ನೆ ಪರಿಸರದ್ದು."

"ಸರ್, ಇಳಿಜಾರು ಇಷ್ಟು ಮಾಡಿದೆ, ಸುಳ್ಳಲ್ಲ. ಆದರೆ ಉಳಿದಿದ್ದನ್ನು ಮನುಷ್ಯರ ಕೈ ಮಾಡಿದೆ. ಮಸ್ಕಿಯ ಆ ದೊಡ್ಡ ಮನೆಯವನು ಕೂಡ ಹಳ್ಳದ ಹತ್ತಿರ ಸುಮ್ಮನೆ ಕೂತು ದೊಡ್ಡವನಾದನೇ? ಏನೋ ಅಡ್ಡಗಟ್ಟಿರಬೇಕಲ್ಲ?"

ಆ ಕಡೆ ಅವರು ನಕ್ಕರು. ಕೆಟ್ಟ ನಗು ಅಲ್ಲ, ಮೇಷ್ಟ್ರ ನಗು. "ನಿಮ್ಮ ಉತ್ಸಾಹ ಒಳ್ಳೆಯದು. ಆದರೆ ಅದಕ್ಕೆ ನಮ್ಮ ಹತ್ತಿರ ಸಾಕ್ಷಿ ಇಲ್ಲ."

ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಬಸಮ್ಮನ ಸಸಿಗೆ ಅವತ್ತು ಮೂವತ್ತೊಂದು ದಿನ.

ಮರುದಿನ ನಾನು ನಕ್ಷೆಯನ್ನು ಸುತ್ತಿಕೊಂಡು ಕಾಲುವೆಯ ಉಸ್ತುವಾರಿಯ ಅಧಿಕಾರಿಯೊಬ್ಬರ ಹತ್ತಿರ ಹೋದೆ. ಯಾರನ್ನೂ ಕೇಳಲಿಲ್ಲ, ಹುಸೇನಪ್ಪನವರಿಗೂ ಹೇಳಲಿಲ್ಲ. ಅಧಿಕಾರಿ ಮೇಜಿನ ಮೇಲೆ ನಕ್ಷೆ ಹಾಸಿ ಬಹಳ ಹೊತ್ತು ನೋಡಿದರು. "ಶಭಾಶ್, ನಮ್ಮ ಇಲಾಖಿಯವರೂ ಇಷ್ಟು ಚಂದ ಮಾಡಂಗಿಲ್ಲ," ಅಂದರು. "ಯಾರು ತೋರಿಸಿದ್ರು?"

"ಯಾರೂ ಇಲ್ಲ ಸರ್, ನಾನೇ ನಡಕೋತ ಹೋಗಿ ನೋಡೀನಿ."

ಅವರು ಬೆರಳನ್ನು ನಕ್ಷೆಯ ಮೇಲೆ ಎಳೆಯುತ್ತ ಹೋದರು. ಒಂದು ಕಡೆ ನಿಂತಿತು. "ಅಳುತೂಬು," ಎಂದು ಗಟ್ಟಿಯಾಗಿ ಓದಿದರು. ಇನ್ನೂ ಸ್ವಲ್ಪ ಕೆಳಗೆ: "ಸಿಟ್ಟಿನ ತೂಬು." ತಲೆ ಎತ್ತಿ ನನ್ನ ಮುಖ ನೋಡಿ ಮುಗುಳ್ನಕ್ಕರು. "ಈ ಹೆಸರು ನಿಮಗ ನೀರು ಹೇಳ್ತೇನ್ರಿ?"

ಆ ಹೆಸರಿಟ್ಟವರು ಯಾರೆಂದು ಅವರಿಗೆ ಗೊತ್ತಿತ್ತು. ನಂಬರಿನ ಬದಲು ಆ ಹೆಸರುಗಳನ್ನು ಬರೆದವಳು ನಾನು. ಅವು ಚಂದ ಇದ್ದವು ಎಂದು ಬರೆದಿದ್ದೆ.

ಎರಡು ದಿನ ಬಿಟ್ಟು ಒಂದು ಜೀಪು ಬಂದು ಏರಿಯ ಮೇಲೆ ನಿಂತಿತು. ನಾಲ್ಕು ಪೈಪುಗಳ ಬಾಯಿಗೆ ಮಣ್ಣಿನ ಚೀಲ ತುರುಕಿದರು, ಫೋಟೋ ತೆಗೆದರು. ಅವತ್ತು ಸಂಜೆಯ ಹೊತ್ತಿಗೆ ಕೊನೆಯ ತೂಬಿನಲ್ಲಿ ನೀರು ಬಂತು. ಮೊದಲು ಕಸ, ಒಣ ಎಲೆ, ನೊರೆ, ಅದರ ಹಿಂದೆ ಕೆಂಪು ನೀರು. ಬಸಮ್ಮ ತೂಬಿನ ಮುಂದೆ ಕುಳಿತು ಎರಡೂ ಅಂಗೈ ನೀರಿಗೆ ಹಿಡಿದಳು. ನನ್ನ ಕಡೆ ತಿರುಗಿ, "ಯವ್ವಾ ಗಿರಿಜಾ, ನೀ ಬರೇ ಬರಕೊಂಡು ಹೋಗಾಕಿ ಅಂತ ತಿಳಿದಿದ್ನಲ್ಲ!" ಅಂದಳು. ನಾಳೆಗೆ ಆಳು ಹೊಂದಿಸಲು ಓಡಿದಳು. ನಾನು ಬಹಳ ದೊಡ್ಡ ಕೆಲಸ ಮಾಡಿದವಳಂತೆ ಮಸ್ಕಿಗೆ ಬಂದು ಅವ್ವನಿಗೆ ಫೋನು ಮಾಡಿದೆ.

ನೀರು ಎರಡು ದಿನ ಬಂತು. ಬಸಮ್ಮ ಒಂದು ಎಕರೆಯಷ್ಟು ನಾಟಿ ಮಾಡಿದಳು. ಮೂರನೆಯ ದಿನ ಬೆಳಿಗ್ಗೆ ತೂಬು ಒಣಗಿತ್ತು. ಏರಿ ಹತ್ತಿ ಮೇಲಕ್ಕೆ ಓಡಿದೆ. ಮಣ್ಣಿನ ಚೀಲಗಳು ಪಕ್ಕದಲ್ಲಿ ಸಾಲಾಗಿ ಬಿದ್ದಿದ್ದವು. ಸಲಿಕೆ ಹೊತ್ತು ಒಬ್ಬ ಹೊಸಬ ಬರುತ್ತಿದ್ದ. "ಹುಸೇನಪ್ಪ ಎಲ್ಲಿ?" ಎಂದೆ. "ಬಿಡಿಸ್ಯಾರ್ರಿ. ಪೈಪ್ ಹಾಕಾಕ ಬಿಟ್ಟಾನಂತ, ಅಂವಂದ ತಪ್ಪಂತ ಬರದಾರ," ಅಂದ. ಆ ಹೊಸಬ ಗೌಡರ ಮನೆಯಲ್ಲಿ ದುಡಿಯುತ್ತಿದ್ದವನು ಎಂದು ಆಮೇಲೆ ಗೊತ್ತಾಯಿತು.

ಅಧಿಕಾರಿಯ ಹತ್ತಿರ ಮತ್ತೆ ಹೋದೆ. ಒಳಗೆ ಬಿಡಲಿಲ್ಲ. ಗೌಡರ ಹತ್ತಿರ ಹೋದೆ. ಅವತ್ತೂ ಕುರ್ಚಿ ಹಾಕಿಸಿದರು. ಅದೇ ನನಗೆ ಹೆಚ್ಚು ಉರಿಯಿತು. "ಹುಸೇನಪ್ಪನ ನೌಕರಿ ಕಳದ್ರಲ್ಲ ಗೌಡ್ರ," ಎಂದೆ.

"ನಾ ಯಾಕ ಕಳೀಲಿ ತಂಗಿ? ನಕ್ಷಿ ಕೊಟ್ಟಾಕಿ ನೀನು," ಅಂದರು. ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದಂತೆ.

ನಾನು ಕುರ್ಚಿ ಬಿಟ್ಟು ಎದ್ದು ಬಂದೆ.

ಉಳಿದ ಎರಡು ಎಕರೆಗೆ ಬಸಮ್ಮ ಹತ್ತು ದಿನ ಕಾದಳು. ಸಸಿ ಹಳದಿಯಾಗಿ ಗಂಟು ಬಿಟ್ಟಿತು. ಒಂದು ಮಧ್ಯಾಹ್ನ ಕುಡುಗೋಲು ತಗೊಂಡು ಅದನ್ನೆಲ್ಲ ಕೊಯ್ದು ಎಮ್ಮೆಯ ಮುಂದೆ ಹಾಕಿದಳು. ನಾಟಿಯಾದ ಒಂದು ಎಕರೆಗೂ ಮತ್ತೆ ನೀರು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಆಕೆ ಮೇಲಿನ ಹೊಲಗಳಲ್ಲಿ ಕಳೆ ತೆಗೆಯಲು ಹೋದಳು. ಗುರುಗುಂಟಾದ ಕಡೆಯಿಂದ ಟಂಟಂ ಆಟೋ ತುಂಬಿಕೊಂಡು ಬಂದ ಹೆಂಗಸರ ಸಾಲಿನಲ್ಲಿ ಬಗ್ಗಿ ನಿಂತಿದ್ದಳು, ತನ್ನ ಮೈದುನ ದೊಡ್ಡನಗೌಡರ ಗದ್ದೆಯಲ್ಲಿ. ನಾನು ಬದುವಿನ ಮೇಲೆ ನಿಂತು ಕರೆದೆ. ತಲೆ ಎತ್ತಿ ನೋಡಿದಳು.

"ಇನ್ನೊಮ್ಮಿ ಬರಬ್ಯಾಡ ತಂಗಿ," ಅಂದಳು. "ಆ ಎರಡು ದಿನ ನೀರು ಬರದಿದ್ರ, ನಾ ಇಡೀ ಹೊಲಕ್ಕ ಜ್ವಾಳ ಬಿತ್ತತಿದ್ದೆ."

ಅದು ಪೂರ್ತಿ ಖರೆ ಅಲ್ಲ. ಜೋಳ ಬಿತ್ತು ಎಂದದ್ದಕ್ಕೆ ಸಿಟ್ಟಾದವಳೇ ಆಕೆ. ಆದರೆ ಅದನ್ನು ಆಕೆಗೆ ಹೇಳುವ ಹಕ್ಕು ನನಗಿರಲಿಲ್ಲ.

ಅಕ್ಟೋಬರಿನಲ್ಲಿ ಪ್ರೊಫೆಸರ್ ಬಂದರು. ಅವರ ಬರಹದಲ್ಲಿ ನನ್ನ ನಕ್ಷೆ ಅಚ್ಚುಕಟ್ಟಾಗಿ ಕುಳಿತಿತ್ತು, ನೀಲಿ ಚುಕ್ಕಿಗಳು ಮಾತ್ರ. ಕೊನೆಯ ಚುಕ್ಕಿ ಬಸಮ್ಮ. ಕೆಳಗೆ ನನಗೆ ಕೃತಜ್ಞತೆ ಹೇಳಿದ್ದರು. ಗುರುಗುಂಟಾದ ಮುದುಕಿ ಕೂಗಿ ಹೇಳಿದ ಮಾತು ಇರಲಿಲ್ಲ, ಹುಸೇನಪ್ಪನವರಂತೂ ಎಲ್ಲೂ ಇರಲಿಲ್ಲ. ನಾನು ಜಗಳವಾಡಿದೆ. ಜೀವನದಲ್ಲಿ ಮೊದಲ ಸಲ ಒಬ್ಬ ಹಿರಿಯರ ಮುಂದೆ ದನಿ ಏರಿಸಿದೆ. "ನೆಲ ಹಂಚುತ್ತದೆ ಎಂದು ಬರೆದರೆ ಗೌಡರಿಗೆ ಎಷ್ಟು ಅನುಕೂಲ ನೋಡಿ ಸರ್. ಅವರೂ ಅದನ್ನೇ ಹೇಳುತ್ತಾರೆ." ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಅಡಿಟಿಪ್ಪಣಿ ಸೇರಿಸೋಣ," ಅಂದರು. ಅದನ್ನು ಸೇರಿಸಿದರೋ ಇಲ್ಲವೋ ನಾನು ನೋಡಲಿಲ್ಲ.

ನಾನು ಮಸ್ಕಿಯ ಕೋಣೆ ಬಿಡುವ ದಿನ ಹುಸೇನಪ್ಪ ಬಂದರು. ಅಲ್ಲಿಯವರೆಗೆ ಅವರ ಮನೆಗೆ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ. ಬಾಗಿಲ ಹೊರಗೇ ನಿಂತರು. ಒಳಗೆ ಬನ್ನಿ ಎಂದು ಎರಡು ಸಲ ಹೇಳಿದ ಮೇಲೆ ಬಂದು ಗೋಡೆಗೆ ಆನಿಕೊಂಡು ಕುಳಿತರು. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಅದು ಹೋಗಲಿ ಬಿಡ್ರಿ. ನಿಮ್ಮ ಮನಸಿನಾಗ ಕೆಟ್ಟದ್ದಿರಲಿಲ್ಲ. ನನಗೊಂದು ಕಾಗದ ಬೇಕಿತ್ತು. ನಿಮ್ಮ ಸಾಹೇಬರ ಕೆಲಸದಾಗ ಈ ಮುಂಗಾರಿನಾಗ ನಿಮ್ಮ ಜೊತಿ ತಿರಗೀನಿ ಅಂತ. ಮುದಗಲ್ ಕಡೆ ಒಂದು ಕಡೆ ನೀರು ಬಿಡೋ ಕೆಲಸ ಐತಂತ. ಏನರ ಬರದದ್ದು ತೋರಿಸಿದ್ರ ಆಕೈತಿ ಅಂದಾರ."

ಪ್ರೊಫೆಸರರಿಗೆ ಫೋನು ಮಾಡಿದೆ. ಹುಸೇನಪ್ಪನವರ ಹೆಸರು ಕೆಲಸಗಾರರ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಕೊಡಲು ಬರುವುದಿಲ್ಲ ಎಂದರು. ಪಟ್ಟಿಯಲ್ಲಿ ಹೆಸರು ಬಾರದಂತೆ ನೋಡಿಕೊಂಡವಳು ನಾನೇ, ಆಣೆ ಮಾಡಿದ್ದೆನಲ್ಲ.

ಕೊನೆಗೆ ನಾನೇ ಒಂದು ಬಿಳಿ ಹಾಳೆ ತಗೊಂಡು ಬರೆದೆ. ಇವರು ಹತ್ತೊಂಬತ್ತು ವರ್ಷ ಕಾಲುವೆ ಕಾದವರು, ನೀರಿನ ಸಪ್ಪಳದಿಂದ ಮಟ್ಟ ಹೇಳಬಲ್ಲವರು, ಪ್ರಾಮಾಣಿಕರು. ನನಗೆ ಬರುವ ಒಳ್ಳೆಯ ಕನ್ನಡದಲ್ಲಿ ಬರೆದೆ. ಕೆಳಗೆ ಸಹಿ ಹಾಕಿ, ಹೆಸರಿನ ಮುಂದೆ ಎಂ.ಎ. ಎಂದೂ ಸೇರಿಸಿದೆ. ಗಟ್ಟಿಯಾಗಿ ಓದಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಹಾಳೆಯನ್ನು ಎರಡೂ ಕೈಯಿಂದ ಇಸಕೊಂಡು ನನ್ನ ಸಹಿಯ ಸುತ್ತಮುತ್ತ ನೋಡಿದರು.

"ಸಿಕ್ಕಾ ಇಲ್ಲೇನ್ರಿ?"

"ಮೊಹರು ಇಲ್ಲ," ಅಂದೆ.

ಅವರು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ಒಮ್ಮೆ ನೋಡಿದರು.